ಕಂಬದ ಮೇಲೆ ಎಂಟೇ ತೂತು

ನಮಸ್ಕಾರ. ಮೂರು ವಾರದಿಂದ ವಿಡಿಯೋ ಯಾಕೆ ಬಂದಿಲ್ಲ ಅಂತ ಕೆಲವರು ಕೇಳಿದ್ದಿರಿ. ಕ್ಯಾಮೆರಾ ಚೆನ್ನಾಗಿದೆ, ನಾನೂ ಚೆನ್ನಾಗಿದ್ದೇನೆ. ಮನೆಯಲ್ಲಿ ನೆಟ್ ಇಲ್ಲ. ಸ್ಲೋ ಆಗಿದ್ದರೆ, ಆಗಾಗ ಹೋಗಿ ಬರುತ್ತಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಇದು ಇಲ್ಲವೇ ಇಲ್ಲ. ಮೂರು ವರ್ಷ ಇದೇ ಮನೆಯಲ್ಲಿ ಇತ್ತು. ಈಗ ದುಡ್ಡು ಕೊಡುತ್ತೇನೆ ಅಂದರೂ ಯಾರೂ ತೆಗೆದುಕೊಳ್ಳುತ್ತಿಲ್ಲ.

ಇದು ನಮ್ಮ ಹಾಲ್. ಧಾರವಾಡದ ಸಪ್ತಾಪುರ, ಹಳೇ ಹಂಚಿನ ಮನೆ. ಟಿವಿ ಪಕ್ಕದ ಈ ಬಿಳಿ ಡಬ್ಬಿ ನೋಡಿ, ಫೈಬರ್ ನೆಟ್‌ನ ಮೋಡೆಮ್. ಆಗ ದುಡ್ಡು ಕೊಟ್ಟು ಕೊಂಡಿದ್ದರಿಂದ ಇದೊಂದು ನಮ್ಮಲ್ಲೇ ಉಳಿದಿದೆ. ಪವರ್ ಲೈಟ್ ಹಸಿರು. ಅದರ ಪಕ್ಕ ಎಲ್‌ಓಎಸ್, ಕೆಂಪಗೆ ಮಿಣಕ್ ಮಿಣಕ್ ಅನ್ನುತ್ತಿದೆ. ಲಾಸ್ ಆಫ್ ಸಿಗ್ನಲ್. ಫೈಬರ್ ಅಂದರೆ ಗಾಜಿನ ತಂತಿ, ಅದರಲ್ಲಿ ನೆಟ್ ಬರುವುದು ಬೆಳಕಾಗಿ. ಆ ಬೆಳಕು ಬರುತ್ತಿಲ್ಲ ಅಂತ ಅರ್ಥ. ರಾತ್ರಿ ಕಣ್ಣಿಗೆ ಹೊಡೆಯುತ್ತದೆ ಅಂತ ಅವ್ವ ಅದರ ಮೇಲೆ ಒಂದು ಕರವಸ್ತ್ರ ಹೊದಿಸಿದ್ದಾಳೆ. ಸ್ವಿಚ್ಚೇ ಆಫ್ ಮಾಡಿಬಿಡು ಅಂದರೆ ಮಾಡುವುದಿಲ್ಲ. "ಬಂದ್ರ ಬರಬಹುದಲ್ಲೋ" ಅಂತಾಳೆ.

ತಪ್ಪಿನಲ್ಲಿ ನಮ್ಮದೂ ಒಂದು ಪಾಲಿದೆ, ಮೊದಲೇ ಹೇಳಿಬಿಡುತ್ತೇನೆ. ಫೆಬ್ರವರಿಯಲ್ಲಿ ಅಪ್ಪನ ಮೊಣಕಾಲಿನ ಆಪರೇಷನ್ ಆಯಿತು. ದಿನಾ ಫಿಸಿಯೋಥೆರಪಿ ಬೇಕಿತ್ತು, ಅದು ಹುಬ್ಬಳ್ಳಿಯಲ್ಲಿ. ಇಪ್ಪತ್ತು ಕಿಲೋಮೀಟರ್ ಏನು ದೂರ, ಚಿಗರಿ ಬಸ್ಸಿದೆಯಲ್ಲ ಅಂತ ನೀವು ಅನ್ನಬಹುದು. ಹೊಲಿಗೆ ಹಾಕಿದ ಮೊಣಕಾಲು ಇಟ್ಟುಕೊಂಡು ಹತ್ತಿ ಇಳಿದು ನೋಡಿ, ಗೊತ್ತಾಗುತ್ತದೆ. ಹಾಗಾಗಿ ವಿದ್ಯಾನಗರದಲ್ಲಿ ನಾಲ್ಕು ತಿಂಗಳಿಗೆ ಎರಡು ರೂಮಿನ ಮನೆ ಹಿಡಿದೆವು. ಅಲ್ಲಿ ಮನೆ ಓನರ್ ವೈಫೈ ಇತ್ತು. ಇಲ್ಲಿ ಖಾಲಿ ಮನೆಗೆ ಸುಮ್ನೆ ಯಾಕೆ ಬಿಲ್ ಕಟ್ಟಬೇಕು ಅಂತ ನಾನೇ ಫೋನ್ ಮಾಡಿ ಕನೆಕ್ಷನ್ ತೆಗೆಸಿದೆ. 499 ರೂಪಾಯಿ ಪ್ಲಾನ್, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಹತ್ತಿರಹತ್ತಿರ 589. ನಾಲ್ಕು ತಿಂಗಳಿಗೆ ಉಳಿದದ್ದು 2,355 ರೂಪಾಯಿ. ಆ ಹೊತ್ತಿಗೆ ಬಹಳ ಶಾಣ್ಯಾತನ ಮಾಡಿದೆ ಅನ್ನಿಸಿತ್ತು.

ಜೂನ್ ಮೊದಲ ವಾರ ವಾಪಸ್ ಬಂದೆವು. ಆ್ಯಪ್ ತೆಗೆದೆ. ಪಿನ್‌ಕೋಡ್ ಹಾಕಿದ ಕೂಡಲೇ ಪರದೆ ಮೇಲೆ ಬಣ್ಣದ ಕಾಗದದ ಚೂರುಗಳು ಉದುರಿದವು. ಅಭಿನಂದನೆಗಳು, ನಿಮ್ಮ ಪ್ರದೇಶದಲ್ಲಿ ಸೇವೆ ಲಭ್ಯವಿದೆ! ಬುಕ್ ಮಾಡಿದೆ. ಎರಡು ದಿನ ಬಿಟ್ಟು ಮೆಸೇಜ್ ಬಂತು: ತಾಂತ್ರಿಕ ಕಾರಣದಿಂದ ನಿಮ್ಮ ಕೋರಿಕೆ ರದ್ದಾಗಿದೆ. ಮತ್ತೆ ಬುಕ್ ಮಾಡಿದೆ. ಮತ್ತೆ ಬಣ್ಣದ ಚೂರು, ಮತ್ತೆ ರದ್ದು. ಮೂರನೇ ಸಲಕ್ಕೆ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದೆ. "ಸರ್, ನಮ್ಮ ಸಿಸ್ಟಮ್‌ನಲ್ಲಿ ನಿಮ್ಮ ಏರಿಯಾ ಲಭ್ಯ ಅಂತಲೇ ತೋರಿಸುತ್ತಿದೆ" ಅಂದರು. ತಾಯಿ, ನನ್ನ ಸಿಸ್ಟಮ್‌ನಲ್ಲೂ ಹಾಗೇ ತೋರಿಸುತ್ತಿದೆ, ತೊಂದರೆಯೇ ಅದು ಅಂದೆ. ಕಂಪನಿ ಹೆಸರು ಕೇಳಬೇಡಿ, ಹೇಳುವುದಿಲ್ಲ. ನನಗೆ ಬೇಕಿರುವುದು ಜಗಳವಲ್ಲ, ಕನೆಕ್ಷನ್.

ಕೊನೆಗೆ ಹಳೇ ಟೆಕ್ನಿಷಿಯನ್ ಹುಡುಗನ ನಂಬರ್ ಹುಡುಕಿ ಅವನಿಗೇ ಫೋನ್ ಮಾಡಿದೆ. ಪುಣ್ಯಾತ್ಮ ಕೆಲಸ ಮುಗಿಸಿಕೊಂಡು ಸಂಜೆ ಬಂದ. ಈ ಕ್ಲಿಪ್ ನೋಡಿ, ಇದು ನನಗೆ ಬಹಳ ಇಷ್ಟವಾಯಿತು. ಅವನ ಜೇಬಿನಲ್ಲಿ ಪೆನ್ನಿನಂಥದ್ದೊಂದು ಇದೆ, ಕೆಂಪು ಲೇಸರ್. ಹಾಲ್‌ನಲ್ಲಿ ಡಬ್ಬಿಯಿಂದ ತಂತಿ ಬಿಚ್ಚಿ ಅದರ ತುದಿಗೆ ಪೆನ್ ಸಿಕ್ಕಿಸಿದ. ಆಮೇಲೆ ಇಬ್ಬರೂ ಹೊರಗೆ ಬಂದು ಕಂಬದ ಮೇಲೆ ನೋಡಿದೆವು. ಅಲ್ಲಿ ಸುರುಳಿ ಸುತ್ತಿ ಕಟ್ಟಿಟ್ಟ ನಮ್ಮ ತಂತಿಯ ತುದಿ ಕೆಂಪಗೆ ಹೊಳೆಯುತ್ತಿತ್ತು. ಕತ್ತಲಾಗುತ್ತಿತ್ತು, ಸಣ್ಣಗೆ ಜಿಟಿಜಿಟಿ ಮಳೆ, ಆ ಕಂಬದ ಮೇಲೆ ಒಂದು ಕೆಂಪು ಚುಕ್ಕೆ. ನಮ್ಮ ಟಿವಿ ಪಕ್ಕದಿಂದ ಹೊರಟ ಬೆಳಕು ಅದು. ಒಳಗಿನ ಗಾಜಿನ ಎಳೆ 125 ಮೈಕ್ರಾನ್, ಹೆಚ್ಚುಕಡಿಮೆ ಕೂದಲಿನಷ್ಟು ದಪ್ಪ. ಬೆಳಕು ಓಡುವ ನಡುಭಾಗ ಬರೀ 9 ಮೈಕ್ರಾನ್. ನಿಜವಾಗಿ ನೆಟ್ ತರುವ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅದು ಇನ್ಫ್ರಾರೆಡ್.

"ನಿಮ್ಮ ತಂತಿ ಬೆಸ್ಟ್ ಐತ್ರಿ ಸರ್" ಅಂದ. ಹಾಗಾದರೆ ಸಿಕ್ಕಿಸಪ್ಪಾ ಅಂದೆ. ಏಣಿ ಹತ್ತಿ ಕಂಬದ ಕಪ್ಪು ಡಬ್ಬಿ ತೆಗೆದು, ಮೊಬೈಲ್ ಟಾರ್ಚ್ ಹಾಕಿ ತೋರಿಸಿದ. ಒಳಗೆ ಎಂಟು ತೂತು. ಎಂಟರಲ್ಲೂ ಹಸಿರು ಟೋಪಿಯ ಪಿನ್ ಕೂತಿವೆ. "ಪೋರ್ಟ್ ಖಾಲಿ ಇಲ್ರಿ."

ನಾವಿದ್ದಾಗ ಆರು ತುಂಬಿದ್ದವು. ನಾವು ಹೋದ ಮೇಲೆ ಐದು. ಅಷ್ಟರಲ್ಲಿ ನಮ್ಮ ಹಿಂದಿನ ಸೈಟಿನ ಪಿಜಿ ತಯಾರಾಯಿತು. ಸಪ್ತಾಪುರ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಎಎಸ್, ಪಿಎಸ್‌ಐ, ಪಿಡಿಓ ಅಂತ ಉತ್ತರ ಕರ್ನಾಟಕದ ಮೂಲೆಮೂಲೆಯಿಂದ ಹುಡುಗರು ಕೋಚಿಂಗ್‌ಗೆ ಬರುತ್ತಾರೆ. ಸಪ್ತಾಪುರ ಬಾವಿ ಕಡೆ ಒಂದು ಸುತ್ತು ಹಾಕಿ. ಕೋಚಿಂಗ್ ಬೋರ್ಡು, ಮೆಸ್ಸು, ಪಿಜಿ, ಜೆರಾಕ್ಸ್, ಮತ್ತೆ ಪಿಜಿ. ನಮ್ಮ ಹಿಂದಿನದು ಮೂರು ಮಹಡಿ, ಮಹಡಿಗೊಂದು ಕನೆಕ್ಷನ್. ಐದಕ್ಕೆ ಮೂರು ಸೇರಿಸಿ. ನಾವು ಬಿಡದೇ ಇದ್ದಿದ್ದರೆ ಮೂರನೇ ಮಹಡಿಯವರು ಇವತ್ತು ನನ್ನ ಜಾಗದಲ್ಲಿ ನಿಂತು ಏಣಿ ಕಡೆ ನೋಡುತ್ತಿದ್ದರು.

ಒಂಬತ್ತನೇ ತೂತು ಕೊರೆಯೋಕೆ ಆಗಲ್ವಾ ಅಂತ ಕೇಳಿದೆ. ಪೆದ್ದ ಪ್ರಶ್ನೆ ಅಂದುಕೊಂಡಿದ್ದೆ, ಆದರೆ ಅವನು ಸೀರಿಯಸ್ಸಾಗಿ ಉತ್ತರ ಕೊಟ್ಟ. ಆಫೀಸಿನಿಂದ ಬರುವ ಒಂದೇ ಎಳೆಯ ಬೆಳಕನ್ನು ದಾರಿಯಲ್ಲಿ ಹಂಚುತ್ತಾ ಹೋಗುತ್ತಾರೆ, ಸಾಮಾನ್ಯವಾಗಿ 32 ಅಥವಾ 64 ಮನೆಗೆ. ಹಂಚುವ ಸ್ಪ್ಲಿಟರ್‌ಗೆ ಕರೆಂಟ್ ಇಲ್ಲ, ಏನಿಲ್ಲ. ಒಂದನ್ನು ಎರಡು ಮಾಡಿದರೆ ಬೆಳಕು ಅರ್ಧ, ಅಷ್ಟೇ ಲೆಕ್ಕ. ಅವನ ಮೀಟರ್ ಹಚ್ಚಿ ತೋರಿಸಿದ. ಕಂಬದ ಡಬ್ಬಿಯ ಬೆಳಕು ಈಗಲೇ ಮೈನಸ್ 25ರಲ್ಲಿದೆ. ಡಿಬಿಎಂ ಅನ್ನುವ ಅಳತೆ ಇದು, ಮೈನಸ್ ಹೆಚ್ಚಿದಷ್ಟೂ ಬೆಳಕು ಕಡಿಮೆ. ಮನೆಯ ಡಬ್ಬಿಗಳು ಮೈನಸ್ 27ರ ತನಕ ಹೇಗೋ ಓದಿಕೊಳ್ಳುತ್ತವೆ. ಒಂದು ಪೋರ್ಟನ್ನು ಇನ್ನೊಮ್ಮೆ ಸೀಳಿದರೆ ಮೂರು ಚಿಲ್ಲರೆ ಕಡಿಮೆಯಾಗಿ 28 ದಾಟುತ್ತದೆ. ಆಗ ನನಗೂ ಬರುವುದಿಲ್ಲ, ಪಾಲು ಕೊಟ್ಟವನಿಗೂ ಬರುವುದಿಲ್ಲ. ಹೊಸ ಡಬ್ಬಿಗೆ ಮೇನ್ ರೋಡಿನಿಂದ ಬೇರೆ ಎಳೆ ತರಬೇಕು. ಒಬ್ಬ ಗಿರಾಕಿಗಾಗಿ ಅದನ್ನು ತರುವುದಿಲ್ಲ. "ಐದು ಮಂದೀನ ಕೂಡಸ್ರಿ ಸರ್, ನಾನ ಮ್ಯಾಲೆ ಹೇಳ್ತೀನಿ." ನಮ್ಮ ಓಣಿಯಲ್ಲಿ ನೆಟ್ ಬೇಕಾದವರಿಗೆಲ್ಲ ಆಗಲೇ ಇದೆ. ಐದು ಜನರನ್ನು ಎಲ್ಲಿಂದ ತರಲಿ?

ಇನ್ನೊಂದು ಮಾತು ಅವನೇ ಹೇಳಿದ. ಊರು ಬಿಟ್ಟು ಹೋಗುವಾಗ ಕನೆಕ್ಷನ್ ರದ್ದು ಮಾಡಿಸಬೇಡಿ. ಎಷ್ಟೋ ಕಡೆ ಸ್ವಲ್ಪ ದುಡ್ಡು ತಗೊಂಡು ಲೈನ್ ಹಿಡಿದಿಡುವ ವ್ಯವಸ್ಥೆ ಇರುತ್ತದೆ, ಕೇಳಿ ನೋಡಬೇಕು ಅಂತೆ. ನಾನು ಕೇಳಿರಲಿಲ್ಲ. ನೀವು ಕೇಳಿ.

ತಂತಿಯಿಲ್ಲದೆ ಟವರಿನಿಂದಲೇ ನೆಟ್ ಹಿಡಿಯುವ 5ಜಿ ಡಬ್ಬಿ ಹಾಕಿಸಬಾರದಾ ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಬಂದು ನೋಡಿ ಹೋದರು. ಟವರ್ ಇರುವುದು ಹಿಂದಿನ ದಿಕ್ಕಿಗೆ. ಟವರಿಗೂ ನಮಗೂ ನಡುವೆ ಅದೇ ಮೂರು ಮಹಡಿ.

ಸದ್ಯ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಬದುಕು. ದಿನಕ್ಕೆ 2 ಜಿಬಿ. ನನ್ನ ಹನ್ನೆರಡು ನಿಮಿಷದ ವಿಡಿಯೋ ಫೈಲ್ 3.2 ಜಿಬಿ. ಒಂದು ದಿನದ ಡೇಟಾದಲ್ಲಿ ಒಂದು ವಿಡಿಯೋ ಹಿಡಿಸುವುದಿಲ್ಲ. ಮೊದಲು 50 ಎಂಬಿಪಿಎಸ್‌ನಲ್ಲಿ ಒಂಬತ್ತು ನಿಮಿಷಕ್ಕೆ ಹೋಗುತ್ತಿತ್ತು, ಚಹಾ ಕುದಿಸಿ ಕುಡಿಯುವುದರೊಳಗೆ. 2 ಜಿಬಿ ಮುಗಿದ ಮೇಲೆ ಸಿಗುವುದು 64 ಕೆಬಿಪಿಎಸ್. ಅಪ್ಪನಿಗೆ ಇದು ಹೇಳಿದಾಗ ನಕ್ಕರು. 2006ರಲ್ಲಿ ಇದೇ ಮನೆಗೆ ಫೋನಿನ ತಾಮ್ರದ ತಂತಿಯಲ್ಲಿ ನೆಟ್ ತರಿಸಿದ್ದು ಅವರೇ. ಆಗ ಸರ್ಕಾರದ ನೀತಿಯಲ್ಲಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್. "ನಾವು ಇದರ ನಾಕು ಪಟ್ಟು ಸ್ಪೀಡ್‌ನ್ಯಾಗ ಇದ್ವಿ" ಅಂತ ಮೊಣಕಾಲು ನೀವಿಕೊಂಡರು. ಆ ತಾಮ್ರದ ಲೈನ್ ಕೂಡ ಈಗಿಲ್ಲ. ಫೈಬರ್ ಬಂತು ಅಂತ ನಾವೇ ಬಿಟ್ಟೆವು. ಬಿಡುವುದರಲ್ಲಿ ನಮ್ಮ ಮನೆಯವರು ಎತ್ತಿದ ಕೈ.

ಅವ್ವನದು ಬೇರೆ ಲೆಕ್ಕ. ಪುಣೆಯಲ್ಲಿರುವ ಅಕ್ಕನಿಗೆ ದಿನಾ ರಾತ್ರಿ ವಿಡಿಯೋ ಕಾಲ್. ಮೊದಲು ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು, ಅಡುಗೆ ಮಾಡುತ್ತಾ ಒಂದು ತಾಸು ಸುಮ್ನೆ ಬಿಟ್ಟಿರುತ್ತಿದ್ದಳು. ಮಾತೇ ಆಡದಿದ್ದರೂ ಸರಿ. ಅಲ್ಲಿ ಅಕ್ಕ ಪಲ್ಯ ಹೆಚ್ಚುವುದು, ಇಲ್ಲಿ ಇವಳು ರೊಟ್ಟಿ ಬಡಿಯುವುದು. ಈಗ ಡೇಟಾ ಉಳಿಸಬೇಕು ಅಂತ ಐದು ನಿಮಿಷಕ್ಕೆ ಮುಗಿಸುತ್ತಾಳೆ. ಏನಾಯ್ತು, ಊಟ ಆಯ್ತಾ, ಇಡ್ಲಾ. ಮೊನ್ನೆ ಅಕ್ಕ ನನಗೆ ಬೇರೆ ಫೋನ್ ಮಾಡಿ "ಅವ್ವ ಯಾಕೋ ಸಿಟ್ಟಾಗ್ಯಾಳೇನೋ?" ಅಂತ ಕೇಳಿದಳು.

ಈಗ ಈ ಗೋಡೆ ನೋಡಿ. ಹಿತ್ತಲ ಕಾಂಪೌಂಡ್, ಆಚೆ ಪಿಜಿ. ಮೇಲೆ ಬನಿಯನ್ ಒಣಗಿ ಹಾಕಿರುವುದೇ ಮೂರನೇ ಮಹಡಿ. ಕಳೆದ ವಾರ ಅವ್ವ ಅಲ್ಲಿನ ಹುಡುಗರಿಗೆ ಒಂದು ಡಬ್ಬಿ ಶೇಂಗಾ ಚಟ್ನಿ, ಹತ್ತು ಖಡಕ್ ರೊಟ್ಟಿ ಕೊಟ್ಟು ಬಂದಳು. ನಾನು ಹೇಳಿರಲಿಲ್ಲ, ಕೇಳಿರಲೂ ಇಲ್ಲ. ಮರುದಿನ ಸಂಜೆ ಮೇಲಿನಿಂದ ಒಬ್ಬ ಕೂಗಿದ. "ಅಣ್ಣಾ, ಪಾಸ್‌ವರ್ಡ್ ಬರ್ಕೋರಿ. ಆದ್ರ ರಾತ್ರಿ ಹನ್ನೊಂದರ ಮ್ಯಾಲೆ. ಅಲ್ಲಿತನ ಆನ್‌ಲೈನ್ ಟೆಸ್ಟ್ ಇರ್ತಾವ."

ಅವರ ಸಿಗ್ನಲ್ ಮನೆಯೊಳಗೆ ಬರುವುದಿಲ್ಲ. ಗೋಡೆ ದಪ್ಪ. ಈ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಾತ್ರ ಎರಡು ಕಡ್ಡಿ ಸಿಗುತ್ತದೆ. ನಿನ್ನೆ ರಾತ್ರಿ ಇಲ್ಲೇ ಕುರ್ಚಿ ಹಾಕಿಕೊಂಡು ಒಂದು ಸಣ್ಣ ಕ್ಲಿಪ್ ಕಳಿಸಿ ನೋಡಿದೆ. ಹೋಯಿತು. ನಮ್ಮ ಹಳೇ ಪೋರ್ಟೇ ಅದು, ಮೂರನೇ ಮಹಡಿ ಸುತ್ತಿ ಹಿತ್ತಲಿಗೆ ಬಂದಿದೆ.

ಇವತ್ತು ರಾತ್ರಿ ಈ ವಿಡಿಯೋ ಕಳಿಸಬೇಕು. ಪೂರ್ತಿ 3.2 ಜಿಬಿ. ಪಶ್ಚಿಮದ ಕಡೆ ಮೋಡ ಕಟ್ಟಿದೆ. ಅವ್ವ ಆಗಲೇ ಛತ್ರಿ ತಂದು ಕುರ್ಚಿ ಪಕ್ಕ ಇಟ್ಟಿದ್ದಾಳೆ. ಲ್ಯಾಪ್‌ಟಾಪಿಗಂತೆ.