ಒಂದು ಸಾಲು ಹಿಡಿದು ಕೇಳಿ

ನಮಸ್ಕಾರ. ಈಗಷ್ಟೇ ಆಫೀಸಿನಿಂದ ಬಂದು ಡೊಂಬಿವಲಿಯ ಮನೆಯಲ್ಲಿ ಕಾಲು ಚಾಚಿ ಕೂತವರಿಗೆ, ಮೀರಾ ರೋಡಿನಲ್ಲಿ ಒಲೆಯ ಮೇಲೆ ಅನ್ನಕ್ಕಿಟ್ಟು ಕೇಳುತ್ತಿರುವವರಿಗೆ, ಹೋಟೆಲಿನ ಗಲ್ಲೆಯಲ್ಲಿ ಕೂತು ಒಂದು ಕಿವಿ ಗಿರಾಕಿಗೂ ಇನ್ನೊಂದು ಕಿವಿ ನನಗೂ ಕೊಟ್ಟಿರುವವರಿಗೆ, ಎಲ್ಲರಿಗೂ.

ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಕವಿಗಳನ್ನೂ ಕಾದಂಬರಿಕಾರರನ್ನೂ ರೇಡಿಯೋದಲ್ಲಿ ಮಾತಾಡಿಸುವುದು ಹೇಗೆ ಅಂತ ಹೇಳಬೇಕಂತೆ. ಕರೆದ ಪತ್ರದಲ್ಲಿ ‘ಸೈದ್ಧಾಂತಿಕ ನೆಲೆಗಳು’ ಎಂದೂ ಒಂದು ಮಾತು ಇತ್ತು. ಅದನ್ನು ಬಿಟ್ಟಿದ್ದೇನೆ. ನಾನು ಮೂವತ್ತು ವರ್ಷ ಹಗಲು ಬ್ಯಾಂಕಿನಲ್ಲಿ ಲೆಕ್ಕ ಬರೆದು, ಸಂಜೆ ಮತ್ತು ಭಾನುವಾರ ಮೈಕು ಹಿಡಿದವನು. ನನ್ನ ಹತ್ತಿರ ಇರುವುದು ಒಂದೇ ಮಾತು. ಒಂದು ಸಾಲು ಹಿಡಿದು ಕೇಳಿ, ಆಮೇಲೆ ಸುಮ್ಮನಿರಿ. ಇಷ್ಟೇ. ಇದನ್ನೇ ಇನ್ನೂ ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈ ಊರಲ್ಲಿ ಲೇಖಕರ ಜೊತೆ ಸಂವಾದ ಅಂದರೆ ಹೇಗಿರುತ್ತದೆ ನಿಮಗೆ ಗೊತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಒಬ್ಬರು ಎದ್ದು ನಿಂತು, “ನಿಮಗೆ ಬರೆಯಲು ಪ್ರೇರಣೆ ಯಾರು?” ಎರಡನೆಯವರು, “ಮುಂಬೈ ನಿಮ್ಮ ಮೇಲೆ ಯಾವ ಪ್ರಭಾವ ಬೀರಿದೆ?” ಮೂರನೆಯವರು, “ಇಂದಿನ ಯುವಕರಿಗೆ ನಿಮ್ಮ ಸಂದೇಶವೇನು?” ಪಾಪ, ಕೇಳುವವರದು ಒಳ್ಳೆ ಮನಸ್ಸೇ. ಆದರೆ ಬರೆಯುವವರು ಈ ಮೂರು ಪ್ರಶ್ನೆಗೆ ನೂರು ಸಲ ಉತ್ತರ ಕೊಟ್ಟಿರುತ್ತಾರೆ. ಬಾಯಿಪಾಠ ಆಗಿಹೋಗಿರುತ್ತದೆ.

ಉಡುಪಿ ಹೋಟೆಲಿನಲ್ಲಿ ಕೂತು “ಏನಿದೆ?” ಅಂತ ಕೇಳಿ ನೋಡಿ. ಇಡ್ಲಿ ವಡಾ ಉಪ್ಪಿಟ್ಟು ಸಾದಾ ಮಸಾಲಾ ರವಾ ಈರುಳ್ಳಿ ಉತ್ತಪ್ಪ ಅಂತ ಒಂದೇ ಉಸಿರಿಗೆ ಬರುತ್ತದೆ, ಹುಡುಗನ ಕಣ್ಣು ಆಗಲೇ ಮುಂದಿನ ಟೇಬಲ್ಲಿನ ಮೇಲೆ ಇರುತ್ತದೆ. ಅದೇ “ಇವತ್ತು ಚಟ್ನಿಗೆ ಶುಂಠಿ ಯಾಕೆ ಕಡಿಮೆ?” ಅಂತ ಕೇಳಿ. ಹುಡುಗ ನಿಲ್ಲುತ್ತಾನೆ. ಒಳಗೆ ಹೋಗುತ್ತಾನೆ. ಅಡುಗೆ ಭಟ್ಟರೇ ಕೈ ಒರೆಸಿಕೊಳ್ಳುತ್ತಾ ಹೊರಗೆ ಬರುತ್ತಾರೆ. ಸಂದರ್ಶನ ಶುರುವಾಗುವುದು ಆಗ.

ಇದನ್ನು ನನಗೆ ಕಲಿಸಿದ್ದು ಒಂದು ಅಂಗಿ. ಆ ಕತೆ ಹೇಳಿಬಿಡುತ್ತೇನೆ.

ಮೂವತ್ತೈದು ವರ್ಷದ ಹಿಂದಿನ ಮಾತು. ವಿಲೇ ಪಾರ್ಲೆಯಲ್ಲಿ ಒಬ್ಬ ಹಿರಿಯ ಕವಿ ಇದ್ದರು. ಹೆಸರು ಬೇಡ, ಅವರ ಮನೆಯವರಿಗೆ ಹಿಡಿಸಲಿಕ್ಕಿಲ್ಲ. ಮೊದಲು ಫೋರ್ಟಿನ ಒಂದು ರಾತ್ರಿಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಕನ್ನಡ ಕಲಿಸಿದವರು. ಊರು ಉತ್ತರ ಕನ್ನಡದ ಕಡೆ. ಎಲ್ಲರೂ ಮಾಸ್ತರು ಅನ್ನುತ್ತಿದ್ದರು. ಜೂನ್ ಮಳೆ. ನನ್ನ ಹೆಗಲಲ್ಲಿ ಯೂಹರ್ ರೆಕಾರ್ಡರ್. ಈಗ ಫೋನಿನಲ್ಲೇ ರೆಕಾರ್ಡ್ ಮಾಡುವ ಮಕ್ಕಳಿಗೆ ಅದರ ಭಾರ ಗೊತ್ತಾಗಲಿಕ್ಕಿಲ್ಲ. ಒಳಗೆ ಐದು ದಪ್ಪ ಸೆಲ್ಲು, ಮೇಲೆ ಐದು ಇಂಚಿನ ಟೇಪಿನ ಸ್ಪೂಲು, ಮೈಕು ಬೇರೆ. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಅದನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು ಹೋದೆ. ರೇಡಿಯೋ ನಿಲಯದವರು ಕೊಟ್ಟಿದ್ದು ಒಂದೇ ಸ್ಪೂಲು. ಒಂದು ಸ್ಪೂಲಿನಲ್ಲಿ ಕಾಲು ಗಂಟೆ.

ಮನೆಗೆ ಹೋದೆ. ಫ್ಯಾನ್ ನಿಲ್ಲಿಸಿದೆ, ಕಿಟಕಿ ಹಾಕಿದೆ. ಮಾಸ್ತರರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿ ಕೂತಿದ್ದರು. ರೇಡಿಯೋಗೆ ಜುಬ್ಬಾ! ನಾನು ನನ್ನ ಪಟ್ಟಿ ತೆಗೆದೆ. ಮೊದಲ ಪ್ರಶ್ನೆ, ಹೌದು, ಪ್ರೇರಣೆ ಯಾರು. ಮಾಸ್ತರರು ಶುರು ಮಾಡಿದರು. ತಾಯಿಯ ಹಾಡು, ಊರಿನ ಯಕ್ಷಗಾನ, ಬೇಂದ್ರೆ, ಸಮುದ್ರ. ಎಲ್ಲ ಚೆನ್ನಾಗಿತ್ತು. ಆದರೆ ಅದೇ ಮಾತನ್ನು ನಾನು ಎರಡು ಪತ್ರಿಕೆಗಳಲ್ಲಿ ಓದಿದ್ದೆ, ಅದೇ ಕ್ರಮದಲ್ಲಿ, ಸಮುದ್ರ ಕೊನೆಗೇ ಬಂದು. ಹನ್ನೆರಡು ನಿಮಿಷ ಹೋಯಿತು. ಸ್ಪೂಲು ತೆಳ್ಳಗಾಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ನನಗೆ ಪಟ್ಟಿಯಲ್ಲಿ ಎಲ್ಲಿದ್ದೆ ಅನ್ನುವುದೇ ಮರೆತುಹೋಯಿತು.

ಪಟ್ಟಿ ಬಿಟ್ಟು ಅವರ ಪುಸ್ತಕ ತೆರೆದೆ. ಒಂದು ಪದ್ಯದಲ್ಲಿ ಚಾಳಿನ ಗ್ಯಾಲರಿ, ಒಂದು ಹಗ್ಗ, ಹಗ್ಗದ ಮೇಲೆ ಅಪ್ಪನ ಅಂಗಿ. ಅಂಗಿ ‘ಇನ್ನೂ ಹಸಿ’ ಅಂತ ಇತ್ತು. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ. “ಮಾಸ್ತರೇ, ಬಟ್ಟೆಗೆ ಒದ್ದೆ ಅನ್ನುತ್ತೇವಲ್ಲ, ನೀವು ಹಸಿ ಅಂದಿದ್ದೀರಿ. ಯಾಕೆ?”

ಮಾಸ್ತರರು ಸುಮ್ಮನಾದರು. ನನ್ನ ಮುಖ ನೋಡಿದರು, ಪುಸ್ತಕ ನೋಡಿದರು, ಹೊರಗೆ ಮಳೆ ನೋಡಿದರು. ನಾನು ಹೆದರಿದೆ, ಬೇಜಾರಾಯಿತೋ ಏನೋ ಅಂತ. ಹನ್ನೊಂದು ಸೆಕೆಂಡ್. ಆಮೇಲೆ ಅಳೆದೆ, ಅದಕ್ಕೇ ಲೆಕ್ಕ ಸಮ ಹೇಳುತ್ತಿದ್ದೇನೆ.

ಆಮೇಲೆ ಬೇರೆಯೇ ಒಂದು ದನಿಯಲ್ಲಿ, ಜುಬ್ಬಾ ಹಾಕದ ದನಿಯಲ್ಲಿ ಹೇಳಿದರು. “ಒದ್ದೆ ಅಂದ್ರೆ ಒಣಗ್ತದೆ ಮಾರಾಯ. ಹಸಿ ಅಂದ್ರೆ ಹಾಗಲ್ಲ. ಗಾಯ ಹಸಿ. ಗೋಡೆ ಹಸಿ. ಬಾಣಂತಿ ಹಸಿ. ಸುಳ್ಳೂ ಹಸಿ ಇರ್ತದೆ. ನಾನು ಮೊದಲು ಒದ್ದೆ ಅಂತಲೇ ಬರೆದಿದ್ದೆ. ಎರಡು ವರ್ಷ ಆ ಪದ್ಯ ಮುಗೀಲಿಲ್ಲ. ಆ ಒಂದು ಶಬ್ದ ತೆಗೆದ ದಿನ ಮುಗೀತು.”

ಅಷ್ಟರಲ್ಲಿ ಅಡುಗೆಮನೆಯಿಂದ ಅವರ ಹೆಂಡತಿಯ ದನಿ. ಇಷ್ಟು ಹೊತ್ತೂ ಅವರು ಕೇಳುತ್ತಿದ್ದಾರೆ ಅಂತಲೇ ನಮಗೆ ಗೊತ್ತಿರಲಿಲ್ಲ. “ಅದು ಒಣಗಿದ್ದೇ ಇಲ್ಲ. ಮಾವ ಹೋದ ದಿನ ನಾನೇ ಒಗೆದು ಹಾಕಿದ್ದು. ಆಮೇಲೆ ಅದನ್ನ...”

ಟಪ್ ಟಪ್ ಟಪ್. ಟೇಪು ಮುಗಿದು ಅದರ ಬಾಲ ಹೊಡೆದುಕೊಳ್ಳುತ್ತಿತ್ತು.

ಆಮೇಲೆ ಏನು ಅಂತ ಕೇಳಿದೆ. “ಆಮೇಲೆ ಎಂಥದೂ ಇಲ್ಲ, ಚಹಾ ಕುಡಿ” ಅಂದರು.

ಇಷ್ಟಕ್ಕೇ ನಿಂತಿದ್ದರೆ ನಾನು ದಡ್ಡ ಅಂತ ಗೊತ್ತಾಗುತ್ತಿರಲಿಲ್ಲ. ನಿಲಯಕ್ಕೆ ಬಂದು ಎಡಿಟಿಂಗಿಗೆ ಕೂತೆ. ಆಗ ಎಡಿಟಿಂಗ್ ಅಂದರೆ ಬ್ಲೇಡು. ಹಳದಿ ಪೆನ್ಸಿಲಿನಲ್ಲಿ ಟೇಪಿನ ಮೇಲೆ ಗುರುತು ಹಾಕುವುದು, ಓರೆಯಾಗಿ ಕತ್ತರಿಸುವುದು, ಎರಡು ತುದಿ ಕೂಡಿಸಿ ಅಂಟಿಸುವುದು. ಟೇಪು ಒಂದು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿತ್ತು, ಅಂದರೆ 19 ಸೆಂಟಿಮೀಟರ್. ಮಾಸ್ತರರ ಹನ್ನೊಂದು ಸೆಕೆಂಡಿನ ಮೌನ ಎರಡು ಮೀಟರಿಗಿಂತ ಒಂದು ಬೆರಳು ಜಾಸ್ತಿ ಬಂತು. ಅಷ್ಟು ಹೊತ್ತು ಸದ್ದಿಲ್ಲದಿದ್ದರೆ ಟ್ರಾನ್ಸ್‌ಮಿಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ ಅಂತ ಅಲ್ಲಿದ್ದ ಹಿರಿಯರು ಹೇಳಿದರು. ನನಗೂ ಸರಿ ಅನ್ನಿಸಿತು. ಕತ್ತರಿಸಿ ಬುಟ್ಟಿಗೆ ಹಾಕಿದೆ. ಅಡುಗೆಮನೆಯ ಮಾತೂ ಅರ್ಧಕ್ಕೇ ನಿಂತಿತ್ತಲ್ಲ, ಅದನ್ನೂ ಹಾಕಿದೆ. ಪ್ರೇರಣೆಯ ಹನ್ನೆರಡು ನಿಮಿಷಕ್ಕೆ ಮಾತ್ರ ಬ್ಲೇಡು ಮುಟ್ಟಿಸಲಿಲ್ಲ. ನೋಡಿ ಬುದ್ಧಿವಂತಿಕೆ.

ಪ್ರಸಾರವಾಗಿ ಒಂದು ವಾರಕ್ಕೆ ಮಾಸ್ತರರ ಕಾರ್ಡು ಬಂತು. ಬೈಗುಳ ಏನೂ ಇರಲಿಲ್ಲ. “ನಾನು ಅಷ್ಟು ಬೇಗ ಉತ್ತರ ಕೊಟ್ಟಿರಲಿಲ್ಲವಲ್ಲ ಮಾರಾಯ, ರೇಡಿಯೋದಲ್ಲಿ ಕೇಳಿದರೆ ಅದನ್ನೂ ಬಾಯಿಪಾಠ ಒಪ್ಪಿಸಿದ ಹಾಗೆ ಇತ್ತು” ಅಂತ ಎರಡು ಸಾಲು. ಅವರು ಹೇಳಿದ್ದು ನಿಜ. ಯೋಚಿಸಿ ಹೇಳಿದ ಮಾತಿಗೂ ಉರು ಹೊಡೆದ ಮಾತಿಗೂ ನಡುವೆ ಇದ್ದದ್ದೇ ಆ ಎರಡು ಮೀಟರ್ ಟೇಪು. ಅದನ್ನು ನಾನು ಬುಟ್ಟಿಗೆ ಹಾಕಿದ್ದೆ.

ಹಾಗಾಗಿ, ಎರಡನೇ ಸಲ ಹೇಳುತ್ತಿದ್ದೇನೆ, ಒಂದು ಸಾಲು ಹಿಡಿದು ಕೇಳಿ, ಆಮೇಲೆ ಸುಮ್ಮನಿರಿ. ಸುಮ್ಮನಿರುವುದು ಕಷ್ಟ, ನನಗೆ ಗೊತ್ತು. ಎದುರಿನವರು ಮಾತು ನಿಲ್ಲಿಸಿದ ಕೂಡಲೇ ನಮಗೆ ‘ಅದ್ಭುತ’, ‘ತುಂಬಾ ಚೆನ್ನಾಗಿ ಹೇಳಿದಿರಿ’ ಅಂತ ಏನಾದರೂ ತುರುಕುವ ಆಸೆ. ನಾಲಿಗೆ ಕಚ್ಚಿಕೊಳ್ಳಿ.

ಇದು ನನ್ನೊಬ್ಬನ ಹುಚ್ಚಲ್ಲ. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಗೊತ್ತಲ್ಲ, ಅವರು ಹುಟ್ಟಿದ್ದೇ ನಮ್ಮ ಬಿಹಾರದ ಮೋತಿಹಾರಿಯಲ್ಲಿ. 1941ರಿಂದ 1943ರವರೆಗೆ ಅವರು ಲಂಡನ್ನಿನ ಬಿಬಿಸಿಯಲ್ಲಿ ಕೆಲಸ ಮಾಡಿದರು, ಅದೂ ಇಂಡಿಯಾಕ್ಕೆ ಪ್ರಸಾರ ಮಾಡುವ ವಿಭಾಗದಲ್ಲಿ. ಯುದ್ಧದ ನಡುವೆ, 1942ರಲ್ಲಿ, ರೇಡಿಯೋದಲ್ಲೇ ಒಂದು ಕಾವ್ಯ ಪತ್ರಿಕೆ ನಡೆಸಿದರು. ಅಚ್ಚಿನಲ್ಲಿ ಅಲ್ಲ, ಗಾಳಿಯಲ್ಲಿ. ಕವಿ ಟಿ.ಎಸ್. ಎಲಿಯಟ್ ಬಂದರು, ನಮ್ಮ ಕಾದಂಬರಿಕಾರ ಮುಲ್ಕ್ ರಾಜ್ ಆನಂದ್ ಬಂದರು. ಆ ಅನುಭವದ ಮೇಲೆ ಆರ್ವೆಲ್ ಆಮೇಲೆ ಬರೆದ ಪ್ರಬಂಧದಲ್ಲಿ ಒಂದು ಮಾತಿದೆ. ಲಕ್ಷಾಂತರ ಜನ ಕೇಳುತ್ತಿರಬಹುದು, ಆದರೆ ಪ್ರತಿಯೊಬ್ಬರೂ ಒಬ್ಬರೇ ಕೇಳುತ್ತಿರುತ್ತಾರೆ, ಹಾಗಾಗಿ ರೇಡಿಯೋದ ಸಭೆ ಅಂದರೆ ಒಬ್ಬನೇ ಒಬ್ಬ. ಸಭೆಯಲ್ಲಿ ಕವಿತೆ ಓದಿದರೆ ಎದುರಿಗೆ ಆಕಳಿಸುವವರು ಕಾಣುತ್ತಾರೆ, ಕವಿ ದನಿ ಏರಿಸುತ್ತಾನೆ, ನಟಿಸುತ್ತಾನೆ. ಮೈಕಿನ ಮುಂದೆ ಆ ಕಾಟ ಇಲ್ಲ.

ಅಂದರೆ ಏನು? ಆ ಒಬ್ಬ ಕೇಳುಗನಿಗೆ ಶಾಲು ಕಾಣುವುದಿಲ್ಲ, ಹಾರ ಕಾಣುವುದಿಲ್ಲ. ಕವಿ ಉಸಿರು ಎಳೆದುಕೊಂಡದ್ದು ಕೇಳುತ್ತದೆ. ಪುಟ ತಿರುವಿದ್ದು ಕೇಳುತ್ತದೆ. ಇಷ್ಟು ಹತ್ತಿರ ಕೂರಿಸಿಕೊಂಡು ‘ಯುವಕರಿಗೆ ಸಂದೇಶ’ ಕೇಳುತ್ತೀರಾ?

ಅಂದ ಹಾಗೆ ರೇಡಿಯೋ ವಿಷಯದಲ್ಲಿ ಕನ್ನಡಿಗರೇನೂ ಹಿಂದೆ ಬಿದ್ದವರಲ್ಲ. ಈ ಮುಂಬೈಯಲ್ಲಿ 1927ರ ಜುಲೈಯಲ್ಲಿ ನಿಲಯ ಶುರುವಾಯಿತು ನಿಜ. ಆದರೆ ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ನಿಲಯ ಇಟ್ಟುಕೊಂಡರು, ಅದಕ್ಕೆ ಆಕಾಶವಾಣಿ ಅಂತ ಹೆಸರು ಬಂತು, ಮುಂದೆ ಇಡೀ ದೇಶಕ್ಕೇ ಆ ಹೆಸರಾಯಿತು. ಬೇಂದ್ರೆಯವರು ಸೊಲ್ಲಾಪುರದ ಕಾಲೇಜಿನಿಂದ ನಿವೃತ್ತರಾದ ಮೇಲೆ ಧಾರವಾಡ ಆಕಾಶವಾಣಿಗೆ ಸಲಹೆಗಾರರಾಗಿದ್ದರು. ಇದರ ಬಗ್ಗೆ ಬೇಕಾದಷ್ಟು ಹೇಳಬಹುದು. ಸಮಯ ಇಲ್ಲ, ಅಂಗಿ ತಿಂದುಹಾಕಿತು.

ಹೊರಗಿನವರಲ್ಲಿ ಇಬ್ಬರ ಹೆಸರು ಹೇಳುತ್ತೇನೆ, ಹುಡುಕಿ ಕೇಳಿ, ಈಗ ಫೋನಿನಲ್ಲೇ ಸಿಗುತ್ತದೆ. ಕೆನಡಾದ ಎಲಿನಾರ್ ವಾಕ್ಟೆಲ್, 1990ರಿಂದ 2023ರವರೆಗೆ ಲೇಖಕರನ್ನೇ ಮಾತಾಡಿಸಿದರು. ಅಮೆರಿಕದ ಮೈಕಲ್ ಸಿಲ್ವರ್‌ಬ್ಲಾಟ್, 1989ರಲ್ಲಿ ಶುರು ಮಾಡಿದವರು. ಅವರು ಬರುವ ಲೇಖಕರ ಹೊಸ ಪುಸ್ತಕ ಮಾತ್ರ ಅಲ್ಲ, ಹಿಂದಿನದನ್ನೆಲ್ಲ ಓದಿಕೊಂಡು ಕೂರುತ್ತಿದ್ದರು. ನಮ್ಮಲ್ಲಿ ಬೆನ್ನುಡಿ ಓದಿ ಬರುತ್ತಾರೆ. ಕೆಲವರು ಅದನ್ನೂ ಲೋಕಲ್ಲಿನಲ್ಲಿ, ದಾದರ್ ದಾಟಿದ ಮೇಲೆ. ಸಾಲು ಹಿಡಿದು ಕೇಳಬೇಕಾದರೆ ಸಾಲು ಓದಿರಬೇಕಲ್ವಾ?

ಕಾದಂಬರಿಗೆ ಬರುತ್ತೇನೆ, ಬೇಗ. ನಾನೂರು ಪುಟದಲ್ಲಿ ಯಾವ ಸಾಲು ಹಿಡಿಯುವುದು ಅಂತ ಕೇಳುತ್ತಾರೆ. ಯಾವುದಾದರೂ ಹಿಡಿಯಿರಿ. ಒಂದು ಅಧ್ಯಾಯ ಎಲ್ಲಿ ನಿಂತಿತು, ಅಲ್ಲೇ ಯಾಕೆ ನಿಂತಿತು. ಒಂದು ಪಾತ್ರಕ್ಕೆ ಆ ಹೆಸರು ಯಾಕೆ. ಯಶವಂತ ಚಿತ್ತಾಲರನ್ನು ತಗೊಳ್ಳಿ. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು ಈ ಊರಲ್ಲೇ ಬದುಕಿದವರು, ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿದವರು. 1979ರ ‘ಶಿಕಾರಿ’ಯಲ್ಲಿ ಮುಂಬೈಯ ಕಂಪನಿಯೊಳಗಿನ ಪಿತೂರಿಯನ್ನು ಕನ್ನಡದಲ್ಲಿ ಬರೆದರು. ಅವರು ಇದ್ದಾಗ ಅವರ ಮುಂದೆ ‘ಮುಂಬೈ ಪ್ರಭಾವ’ ಅಂತ ಕೇಳಿದ್ದರೆ ಒಂದು ಉಪನ್ಯಾಸ ಬರುತ್ತಿತ್ತು. ಮೀಟಿಂಗು, ಮೆಮೋ, ಬಾಸು ಇವೆಲ್ಲ ಬರುವ ಸಂಭಾಷಣೆಯನ್ನು ಬರೆಯುವಾಗ ಹನೇಹಳ್ಳಿಯ ಕನ್ನಡ ಎಲ್ಲಿ ಅಡ್ಡ ಬಂತು, ಎಲ್ಲಿ ಕೈ ಹಿಡಿಯಿತು ಅಂತ ಒಂದು ಪುಟ ತೋರಿಸಿ ಕೇಳಿದ್ದರೆ? ಗೋಕರ್ಣದ ಜಯಂತ ಕಾಯ್ಕಿಣಿ ಕೂಡ ಇಲ್ಲಿ ಔಷಧ ಕಂಪನಿಯಲ್ಲಿದ್ದವರು. ಅವರ ಮುಂಬೈ ಕತೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷಿನಲ್ಲಿ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿಯನ್ನು 2018ರ ಸಾಲಿಗೆ ಪಡೆದವು. ಕಾಯ್ಕಿಣಿಯವರನ್ನು ಪ್ರಶಸ್ತಿ ಬಂದಾಗ ಹೇಗನ್ನಿಸಿತು ಅಂತ ಕೇಳಬೇಡಿ. ಚೆನ್ನಾಗಿ ಅನ್ನಿಸಿರುತ್ತದೆ. ಇಂಗ್ಲಿಷಿಗೆ ಹೋಗಲು ಹಟ ಮಾಡಿದ ಒಂದು ಕನ್ನಡ ಮಾತು ಯಾವುದು ಅಂತ ಕೇಳಿ. ಕೇಳಿ ಸುಮ್ಮನಿರಿ.

ಭಾಷಾಂತರಕಾರರ ಬಗ್ಗೆ, ಕವಿತೆಯನ್ನು ಮೊದಲು ಓದಿಸಬೇಕೋ ಕೊನೆಗೆ ಓದಿಸಬೇಕೋ ಅನ್ನುವುದರ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ. ಗಾಜಿನ ಆಚೆ ಇರುವ ಹುಡುಗಿ ಎರಡು ಬೆರಳು ತೋರಿಸುತ್ತಿದ್ದಾಳೆ. ಎರಡು ನಿಮಿಷವೋ, ಎರಡನೇ ಎಚ್ಚರಿಕೆಯೋ ಗೊತ್ತಿಲ್ಲ. ಒಂದೇ ಮಾತು, ಮೊದಲು ಓದಿಸಿ. ಎರಡು ಸಲ ಓದಿಸಿ. ಅಂಜಬೇಡಿ, ಯಾರೂ ರೇಡಿಯೋ ಆಫ್ ಮಾಡುವುದಿಲ್ಲ.

ಮುಂದಿನ ತಿಂಗಳು ಇದೇ ಹೊತ್ತಿಗೆ ಒಬ್ಬ ಕಾದಂಬರಿಕಾರರು ಇಲ್ಲಿಗೆ ಬರುತ್ತಾರೆ, ಮಾತಾಡಿಸುವವನು ನಾನೇ. ಹೆಸರನ್ನು ಈ ಭಾಷಣ ಮುಗಿದ ಮೇಲೆ ಹೇಳುತ್ತಾರೆ, ಬರೆದುಕೊಳ್ಳಿ. ಪುಸ್ತಕ ಸಿಕ್ಕರೆ ಓದಿ, ನಿಮಗೆ ಎಲ್ಲಿ ಕಾಲು ತೊಡರಿತೋ ಆ ಸಾಲನ್ನು ಬರೆದು ಕಳಿಸಿ, ಜೊತೆಗೆ ಪುಟದ ಸಂಖ್ಯೆ. ಪುಟದ ಸಂಖ್ಯೆ ಇಲ್ಲದ ಪ್ರಶ್ನೆಯನ್ನು ನಾನು ಓದುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಪ್ರೇರಣೆ ಯಾರು ಅಂತ ಬರೆದವರಿಗೆ ಚಹಾ ಕೂಡ ಇಲ್ಲ.

ನಮಸ್ಕಾರ.