ಘಟ್ಟ ಇಳಿಯುವ ಮುನ್ನ ಬ್ಯಾಟರಿಯಲ್ಲಿ ಜಾಗ ಬಿಡಿ

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಕರೆಂಟ್ ಕಾರು ತಗೊಳ್ಳೋದೋ, ಪೆಟ್ರೋಲ್ ಎಂಜಿನ್ ಜೊತೆ ಮೋಟರೂ ಇರುವ ಹೈಬ್ರಿಡ್ ತಗೊಳ್ಳೋದೋ ಅನ್ನುವ ಚರ್ಚೆ ಈಗ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ನಡೆಯುತ್ತಿದೆ. ಎಷ್ಟು ಸೆಕೆಂಡಿಗೆ ನೂರು ಮುಟ್ಟುತ್ತೆ, ಪರದೆ ಎಷ್ಟು ಇಂಚು, ಬಾಗಿಲ ಹಿಡಿ ತಾನಾಗಿ ಒಳಗೆ ಸರಿಯುತ್ತಾ, ಮಾತೆಲ್ಲ ಇದರ ಸುತ್ತಲೇ. ಚಾರ್ಮಾಡಿಯಲ್ಲಿ, ಶಿರಾಡಿಯಲ್ಲಿ, ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ಇವು ಯಾವುದೂ ನಿಮ್ಮ ಕೈ ಹಿಡಿಯುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಕಾರಿಗೆ ಗೊತ್ತಿರಬೇಕಾದ್ದು ಇಳಿಯುವ ವಿದ್ಯೆ. ಅದಕ್ಕೇ ಇವತ್ತು ಒಂದೇ ಮಾತು ಹೇಳುತ್ತೇನೆ: ಇಳಿಯುವ ಮುನ್ನ ಬ್ಯಾಟರಿಯಲ್ಲಿ ಜಾಗ ಬಿಡಿ.

ಲೆಕ್ಕ ಸುಲಭ. ಮೂರು ಜನ ಕೂತ ಕರೆಂಟ್ ಕಾರು ಸುಮಾರು 1900 ಕೆಜಿ ತೂಗುತ್ತದೆ. ಅದನ್ನು 100 ಮೀಟರ್ ಎತ್ತರಕ್ಕೆ ಹತ್ತಿಸಲು ಅರ್ಧ ಯೂನಿಟ್ ಕರೆಂಟ್ ಬೇಕು. ಇದು ಏರುವುದಕ್ಕಷ್ಟೇ, ಚಕ್ರ ಉರುಳುವ ಖರ್ಚು ಬೇರೆ. ಮುಳ್ಳಯ್ಯನಗಿರಿಯ ತುದಿ 1930 ಮೀಟರ್, ಚಿಕ್ಕಮಗಳೂರು ಪೇಟೆ ಹತ್ತಿರಹತ್ತಿರ 1100. ಅಂದರೆ ಗಿರಿಯ ತುದಿಯಿಂದ ಪೇಟೆಗೆ ಇಳಿಯುವಾಗ ನಾಲ್ಕು ಯೂನಿಟ್‌ನಷ್ಟು ಶಕ್ತಿ ಕಾರಿನಿಂದ ಎಲ್ಲಿಗಾದರೂ ಹೋಗಲೇಬೇಕು. ಪೆಟ್ರೋಲ್ ಕಾರಿನಲ್ಲಿ ಅದು ಎಂಜಿನ್ನಿಗೆ ಮತ್ತು ಬ್ರೇಕಿನ ಬಿಸಿಗೆ ಹೋಗುತ್ತದೆ. ಕರೆಂಟ್ ಕಾರಿನಲ್ಲಿ ಮೋಟರೇ ಡೈನಮೋ ಆಗಿ ತಿರುಗುತ್ತದೆ, ಎರಡು ಎರಡೂವರೆ ಯೂನಿಟ್ ಬ್ಯಾಟರಿಗೆ ವಾಪಸ್ ಬರುತ್ತದೆ, ಗಾಡಿಯೂ ನಿಧಾನವಾಗುತ್ತದೆ. ಇದಕ್ಕೆ ರೀಜನ್ ಅನ್ನುತ್ತಾರೆ. ಹೊಸದೇನಲ್ಲ, 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಕಾರಿನಲ್ಲೂ ಇತ್ತು.

ಆದರೆ ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯುವುದಿಲ್ಲ. ಬ್ಯಾಟರಿ ಶೇಕಡಾ 100 ತುಂಬಿದ್ದರೆ ವಾಪಸ್ ಬರುವ ಕರೆಂಟಿಗೆ ಜಾಗವಿಲ್ಲ, ರೀಜನ್ ಕೆಲಸ ಮಾಡುವುದಿಲ್ಲ.

ಅತ್ತಿಗುಂಡಿ ಕಡೆಯ ಕಾಫಿ ಬೆಳೆಗಾರರೊಬ್ಬರ ಗಾಡಿಗೆ ಆದದ್ದು ಇದೇ. 40 ಯೂನಿಟ್ ಬ್ಯಾಟರಿಯ ಕಾರು. ಮೊದಲೆಲ್ಲ ಪೇಟೆಯಲ್ಲಿ ಚಾರ್ಜ್ ಮಾಡಿಕೊಂಡು ಮೇಲೆ ಹತ್ತುತ್ತಿದ್ದರು, ಮನೆ ಮುಟ್ಟುವಾಗ ಬ್ಯಾಟರಿ 70ಕ್ಕೆ ಇಳಿದಿರುತ್ತಿತ್ತು. ಮಾರನೆಯ ದಿನ ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಗಾಡಿ ತಾನೇ ತಡೆದುಕೊಳ್ಳುತ್ತಿತ್ತು. ಕಾಲಿಗೂ ಅದೇ ಅಭ್ಯಾಸ. ಆಮೇಲೆ ಮನೆಯಲ್ಲೇ ಸಾಕೆಟ್ ಹಾಕಿಸಿದರು. ಮೊದಲ ರಾತ್ರಿಯೇ ಪ್ಲಗ್ ಹಾಕಿ ಮಲಗಿದರು, ಬೆಳಿಗ್ಗೆ 100 ತೋರಿಸಿತು, ಖುಷಿಯಿಂದ ಹೊರಟರು. ಮೊದಲ ತಿರುವಿನಲ್ಲಿ ಕಾಲು ತೆಗೆದರೆ ಗಾಡಿ ನಿಲ್ಲುವ ಬದಲು ಓಡತೊಡಗಿತು. ಮಂಜು ಬೇರೆ. ಕೈಮರದವರೆಗೂ ಬ್ರೇಕಿನ ಮೇಲಿಂದ ಕಾಲು ಎತ್ತಲಿಲ್ಲ. ಅಷ್ಟರಲ್ಲಿ ಸುಟ್ಟ ವಾಸನೆ, ಮುಂದಿನ ಚಕ್ರದಿಂದ ಹೊಗೆ, ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತಿತ್ತು. ಜೊತೆಗಿದ್ದವರು ಬಾಟಲಿ ನೀರು ಸುರಿಯಲು ಹೊರಟರು. ಸದ್ಯ, ದಾರಿಯಲ್ಲಿದ್ದ ಜೀಪ್ ಡ್ರೈವರ್ ತಡೆದರು. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಡಿಸ್ಕ್ ಸೊಟ್ಟಗಾಗುತ್ತದೆ, ಸೀಳಲೂಬಹುದು. ಅರ್ಧ ಗಂಟೆ ಹಾಗೇ ಆರಲು ಬಿಡಬೇಕು, ಅಷ್ಟೇ.

ಕಾರು ಕೆಟ್ಟಿದೆ ಎಂದೇ ಅವರ ವಾದ. ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದರೆ ಬ್ರೇಕ್ ಪ್ಯಾಡ್ ಕಾದು ಗಾಜಿನ ಹಾಗೆ ಹೊಳೆಯುತ್ತಿತ್ತು, ಬ್ರೇಕ್ ಆಯಿಲ್ ಮೂರು ವರ್ಷ ಹಳತು, ಕಪ್ಪಾಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಹೀರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಕುದಿದರೆ ಪೈಪಿನೊಳಗೆ ಹಬೆ, ಹಬೆ ಅದುಮಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ನಮ್ಮ ಮಳೆಗೆ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಕಾರಿನಲ್ಲಿ ಬೇರೇನೂ ಕೆಟ್ಟಿರಲಿಲ್ಲ. ಬ್ಯಾಟರಿಯಲ್ಲಿ ಜಾಗ ಇರಲಿಲ್ಲ.

ಹಾಗಾಗಿ ಮನೆ ಎತ್ತರದಲ್ಲಿದ್ದರೆ ಚಾರ್ಜ್ ಮಿತಿಯನ್ನು 80ಕ್ಕೆ ಇಟ್ಟುಬಿಡಿ. ಮಿತಿ ಇಡುವ ಸೌಲಭ್ಯ ಇಲ್ಲದ ಕಾರಾದರೆ, 15 ಆಂಪ್ ಸಾಕೆಟ್ ಗಂಟೆಗೆ ಸುಮಾರು ಮೂರು ಯೂನಿಟ್ ಕೊಡುತ್ತದೆ, 40 ಯೂನಿಟ್ ಬ್ಯಾಟರಿಗೆ ಪೂರ್ತಿ ತುಂಬುವ ಮೂರು ಗಂಟೆ ಮೊದಲೇ ಪ್ಲಗ್ ಕೀಳಿ. ಆಗಾಗ 100 ಮಾಡಬೇಕೆಂದು ಕೆಲವು ಬ್ಯಾಟರಿಗಳಿಗೆ ಕಂಪನಿಯವರೇ ಹೇಳಿರುತ್ತಾರೆ. ಆ ಕೆಲಸ ಕೆಳಗಿನ ಊರಿನಲ್ಲಿ, ಹತ್ತುವ ಮುನ್ನ ಮಾಡಿಕೊಳ್ಳಿ. ಕೊಟ್ಟಿಗೆಹಾರದಲ್ಲೋ ಸಕಲೇಶಪುರದಲ್ಲೋ ಚಾರ್ಜಿಗೆ ನಿಲ್ಲಿಸಿದರೂ ಇದೇ ಮಾತು: ಕೆಳಗೆ ಇಳಿಯುವವರು ಅಲ್ಲಿ ಪೂರ್ತಿ ತುಂಬಿಸಬೇಡಿ.

ರೀಜನ್ ಎಷ್ಟಿರಬೇಕು ಅನ್ನುವುದನ್ನು ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಲ್ಲಿ ಕೊಟ್ಟಿದ್ದಾರೆ, ಬಹಳ ಒಳ್ಳೆಯದು. ಕೆಲವರು ಅದನ್ನು ಪರದೆಯ ಮೂರನೇ ಪುಟದೊಳಗೆ ಅಡಗಿಸಿದ್ದಾರೆ. ತಿರುವಿನಲ್ಲಿ ಪರದೆ ತಡಕಾಡುವುದು ಹೇಗೆ? ಇದನ್ನು ವಿನ್ಯಾಸ ಎಂದು ಒಪ್ಪಲು ನನಗೆ ಸಾಧ್ಯವೇ ಇಲ್ಲ. ಕಾರು ನೋಡಲು ಹೋದಾಗ ಮೊದಲು ಇದನ್ನು ಕೇಳಿ.

ಹೈಬ್ರಿಡ್‌ನವರಿಗೂ ಎರಡು ಮಾತು. ಗ್ರ್ಯಾಂಡ್ ವಿಟಾರಾ, ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ಗಳ ಬ್ಯಾಟರಿ ಮುಕ್ಕಾಲು ಯೂನಿಟ್ಟಿನದು. ಘಟ್ಟದ ಅರ್ಧ ದಾರಿಗೂ ಮೊದಲೇ ತುಂಬಿಹೋಗುತ್ತದೆ. ನೀವು ಜಾಗ ಬಿಡುತ್ತೇನೆಂದರೂ ಬಿಡಲು ಅಲ್ಲಿ ಜಾಗವೇ ಕಡಿಮೆ. ಆಗ ಕಾಲು ತೆಗೆದಿದ್ದರೂ ಎಂಜಿನ್ ಜೋರಾಗಿ ಕೂಗುತ್ತದೆ. ಹೆದರಬೇಡಿ, ಅದು ಪೆಟ್ರೋಲ್ ಸುಡುತ್ತಿಲ್ಲ, ಹೆಚ್ಚಾದ ಶಕ್ತಿಯನ್ನು ಕರಗಿಸುತ್ತಿದೆ. ಘಟ್ಟದ ಶುರುವಿನಲ್ಲೇ ಗೇರನ್ನು ಎಂಜಿನ್ ತಡೆ ಹೆಚ್ಚಿಸುವ 'ಬಿ'ಗೆ ಹಾಕಿ. ಇನ್ನು ಹಿಂದೆ ಹೈಬ್ರಿಡ್ ಸ್ಟಿಕರ್ ಅಂಟಿಸಿದ, ಪುಟ್ಟ ಮೋಟರ್ ಎಂಜಿನ್ನಿಗೆ ಬರೀ ನೆರವಾಗುವ ಮೈಲ್ಡ್ ಹೈಬ್ರಿಡ್‌ಗಳು ಇಳಿಯುವ ಮಟ್ಟಿಗೆ ಪೆಟ್ರೋಲ್ ಕಾರುಗಳೇ. ಅವಕ್ಕೆ ಹಳೆಯ ಲಾರಿ ಡ್ರೈವರುಗಳ ಪಾಠ: ಹತ್ತಿದ ಗೇರಿನಲ್ಲೇ ಇಳಿ. ಯಾವ ಗಾಡಿಯನ್ನೂ ನ್ಯೂಟ್ರಲ್‌ನಲ್ಲಿ ಬಿಡಬೇಡಿ. ಈಗಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಕುಡಿಯುತ್ತಲೇ ಇರುತ್ತವೆ. ಕರೆಂಟ್ ಕಾರು ನ್ಯೂಟ್ರಲ್‌ಗೆ ಹೋದರೆ ರೀಜನ್ ಸತ್ತಂತೆ.

ಸಮಯ ಆಗುತ್ತಾ ಬಂತು, ಮನೆಯ ಸಾಕೆಟ್ಟಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬೋರ್ಡಿನಿಂದ ಕಾರಿಗೆಂದೇ ಬೇರೆ ಲೈನ್, 4 ಚದರ ಮಿಲಿಮೀಟರ್ ತಾಮ್ರದ ವೈರ್, 20 ಆಂಪ್ ಎಂಸಿಬಿ, ಶಾಕ್ ಹೊಡೆಯುವ ಮುನ್ನ ಕರೆಂಟ್ ಕಡಿಯುವ 30 ಮಿಲಿ ಆಂಪ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್. ಅರ್ಥಿಂಗ್ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ಹೊಡೆದು ನಿಲ್ಲುತ್ತದೆ, ಅದನ್ನು ವಂಚಿಸಲು ಹೋಗಬೇಡಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಪ್ಲಗ್ಗಿನ ಪಿನ್ ಕಪ್ಪಾಗಿದ್ದರೆ ಸಾಕೆಟ್ ಬದಲಿಸಿ.

ರೀಜನ್ ಇದ್ದ ಕಾರಿನ ಬ್ರೇಕಿಗೆ ಕೆಲಸ ಕಡಿಮೆ, ಮಳೆಗಾಲದಲ್ಲಿ ಡಿಸ್ಕ್ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಖಾಲಿ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, 50ರ ವೇಗದಿಂದ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ. ವರ್ಷಕ್ಕೊಮ್ಮೆ, ಪ್ಯಾಡನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರ್‌ನ ಪಿನ್ನಿಗೆ ಗ್ರೀಸ್ ಹಾಕಿಸಿ. ಇವತ್ತು ರಾತ್ರಿ ಪ್ಲಗ್ ಹಾಕುವಾಗ ಮಿತಿ 80ಕ್ಕೆ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ನಮಸ್ಕಾರ.