ನೋವು ನಿಂತಿತು, ಕಿವಿ ಸೋರುತ್ತಿದೆ

ಕೇಳುಗರಿಗೆ ನಮಸ್ಕಾರ.

ನೆಗಡಿಯಾದ ಮಗು ನಡುರಾತ್ರಿ ಕಿವಿ ಹಿಡಿದು ಅಳುತ್ತದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಅಜ್ಜಿ ಎರಡು ತೊಟ್ಟು ಬಿಡುತ್ತಾರೆ. ಬೆಳಗಿನ ಜಾವಕ್ಕೆ ಅಳು ನಿಲ್ಲುತ್ತದೆ. ದಿಂಬಿನ ಮೇಲೆ ಹಳದಿ ಕಲೆ. ‘ಕೆಟ್ಟದ್ದೆಲ್ಲ ಹೊರಗೆ ಹೋಯ್ತು ಬಿಡಿ’ ಎಂದು ಮನೆಮಂದಿಗೆಲ್ಲ ಸಮಾಧಾನ.

ನಿಜಕ್ಕೂ ಆಗಿದ್ದೇ ಬೇರೆ. ಮೂಗಿನ ಹಿಂಬದಿಯಿಂದ ಕಿವಿಗೆ ಹೋಗುವ ನಾಳ ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ. ನೆಗಡಿಯಲ್ಲಿ ಅದು ಕಟ್ಟಿಕೊಂಡು ಕಿವಿಯ ತಮಟೆಯ ಹಿಂದೆ, ಅಂದರೆ ಕಿವಿಯೊಳಗಿನ ತೆಳು ಪರದೆಯ ಹಿಂದೆ, ಕೀವು ತುಂಬಿತು. ಒತ್ತಡ ತಡೆಯದೆ ತಮಟೆ ತೂತಾಯಿತು, ನೋವು ಇಳಿಯಿತು. ಎಣ್ಣೆಗೆ ಹೆಸರು ಬಂತು, ಅಷ್ಟೇ. ಇಂಥ ತೂತು ಬಹುಪಾಲು ತಾನೇ ಮುಚ್ಚಿಕೊಳ್ಳುತ್ತದೆ. ಆದರೂ ಸೋರಿದ ಕಿವಿಯನ್ನು ವೈದ್ಯರು ನೋಡಲೇಬೇಕು. ಅಲ್ಲಿಯವರೆಗೆ ಎಣ್ಣೆ ಬೇಡ, ಬಡ್ಸ್ ಬೇಡ, ಸ್ನಾನದ ನೀರೂ ಒಳಗೆ ಹೋಗಬಾರದು. ವಾರಗಟ್ಟಲೆ ಸೋರುವ, ಅದರಲ್ಲೂ ನಾರುವ ಕಿವಿಯಲ್ಲಿ ಒಳಗಿನ ಮೂಳೆಯೇ ಸವೆಯುತ್ತಿರಬಹುದು. ‘ದೊಡ್ಡವನಾದ ಮೇಲೆ ಸರಿಹೋಗುತ್ತೆ’ ಎಂಬ ಮಾತಿಗೆ ನನ್ನ ಒಪ್ಪಿಗೆಯಿಲ್ಲ.

ಹಾಗಂತ ಪ್ರತಿ ಕಿವಿನೋವಿಗೂ ಓಡಬೇಕಿಲ್ಲ. ಎರಡು ವರ್ಷ ದಾಟಿದ ಮಗು, ನೋವು ಅಷ್ಟಕ್ಕಷ್ಟೇ, ಜೋರು ಜ್ವರವಿಲ್ಲ, ಆಡಿಕೊಂಡಿದೆ ಎಂದರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಟ್ಟು ಎರಡು ದಿನ ನೋಡಬಹುದು. ಆರು ತಿಂಗಳೊಳಗಿನ ಕೂಸಿಗೆ ಮಾತ್ರ ಕಾಯಬೇಡಿ.

ಕಿವಿಯ ಹಿಂದೆ ಕೆಂಪಾಗಿ ಊದಿ, ಕಿವಿ ಮುಂದಕ್ಕೆ ಚಾಚಿಕೊಂಡಿದೆಯೇ? ಅಳುವಾಗ ಬಾಯಿ ಒಂದು ಕಡೆ ಸೊಟ್ಟಗಾಗುತ್ತಿದೆಯೇ? ಕುತ್ತಿಗೆ ಬಗ್ಗಿಸಲಾಗದೆ ಮಗು ಮಂಕಾಗಿದೆಯೇ? ತಕ್ಷಣ ಹೊರಡಿ, ರಾತ್ರಿಯಾದರೂ ಸರಿ. ಆಟಿಕೆಯ ಗುಂಡಿಯಂಥ ಬ್ಯಾಟರಿಯನ್ನು ಕಿವಿಗೆ ತುರುಕಿಕೊಂಡಿದ್ದರೂ ಅಷ್ಟೇ. ಕೆಲವೇ ಗಂಟೆಗಳಲ್ಲಿ ಅದು ಒಳಗನ್ನು ಸುಡುತ್ತದೆ. ಯಾವ ಹನಿಯನ್ನೂ ಹಾಕದೆ ಕರೆದೊಯ್ಯಿರಿ.

ಇನ್ನೊಂದು ತೊಂದರೆಗೆ ನೋವೇ ಇಲ್ಲ. ತಮಟೆಯ ಹಿಂದೆ ಅಂಟುನೀರು ನಿಂತುಬಿಡುತ್ತದೆ. ಮಗು ಟಿವಿ ಸದ್ದು ಏರಿಸುತ್ತದೆ, ಮಾತುಮಾತಿಗೆ ‘ಆಂ?’ ಎನ್ನುತ್ತದೆ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಶಾಲೆಯಲ್ಲಿ ಗಮನ ಸಾಲದು ಎಂದು ಬೈಸಿಕೊಳ್ಳುತ್ತದೆ. ಈ ನೀರು ಎಷ್ಟೋ ಸಲ ಮೂರು ತಿಂಗಳಲ್ಲಿ ತಾನೇ ಆರುತ್ತದೆ; ಆರದಿದ್ದರೆ, ಇಲ್ಲವೇ ಮಾತು ಕಲಿಯುವುದು ಹಿಂದೆ ಬಿದ್ದಿದ್ದರೆ, ಶ್ರವಣ ಪರೀಕ್ಷೆ ಆಗಲೇಬೇಕು. ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ವಿಚಾರಿಸಿ. ಮೈಸೂರು ಹತ್ತಿರವಿದ್ದವರಿಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ. ಹೇಳಲು ಬಾರದ ಕೂಸಿಗೂ ಅಲ್ಲಿ ಪರೀಕ್ಷೆ ಮಾಡುತ್ತಾರೆ.

ನಮಸ್ಕಾರ.